ಒಡೆದ ಕಿವಿಯ ಕೇಳುಗ

ತಾಂಬಾದ ಗರಡಿಯಲ್ಲಿ ಕುಸ್ತಿ ಕಲಿಸುವ ಸಿದರಾಯ ವಸ್ತಾದರ ಎರಡೂ ಕಿವಿ ಒಡೆದಿದ್ದವು. ಪೈಲವಾನರಲ್ಲಿ ಇದೇನು ಹೊಸದಲ್ಲ. ವರ್ಷಗಟ್ಟಲೆ ಕುಸ್ತಿಯ ಮಣ್ಣಿಗೆ ಉಜ್ಜಿ, ಎದುರಾಳಿಯ ತಲೆಗೆ ಗುದ್ದಿ, ಒಳಗೆ ರಕ್ತ ಕಟ್ಟಿ, ಕಿವಿ ಹಸಿ ಶುಂಠಿಯ ಗಡ್ಡೆಯಂತೆ ಗಂಟಾಗುತ್ತದೆ. ಹೊಸ ಪೈಲವಾನರು ಅಂಥ ಕಿವಿ ಯಾವಾಗ ಬಂದೀತು ಎಂದು ಕನ್ನಡಿ ನೋಡಿಕೊಳ್ಳುತ್ತಾರೆ. ವಸ್ತಾದರ ಎಡಗಿವಿ ಪೂರ್ತಿ ಮುಚ್ಚಿಹೋಗಿತ್ತು, ಆ ಕಡೆ ಸಿಡಿಲು ಬಡಿದರೂ ತಿರುಗಿ ನೋಡುತ್ತಿರಲಿಲ್ಲ. ಬಲಗಿವಿ ಅರ್ಧಮರ್ಧ. ಅಂಥ ಮನುಷ್ಯನಷ್ಟು ಚೆನ್ನಾಗಿ ಸಂಗೀತ ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಇದನ್ನು ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಊರಲ್ಲಿ ಸಂಗೀತ ಬಲ್ಲವನೆಂದು ಹೆಸರಿದ್ದದ್ದು ಹೈಸ್ಕೂಲಿನ ಚಿತ್ರಕಲಾ ಮಾಸ್ತರನಾದ ನನಗೆ.

ಸೋಲಾಪುರದ ಹಳೇ ಸಾಮಾನಿನ ಬಜಾರದಲ್ಲಿ ನಾನೊಂದು ರೆಕಾರ್ಡ್ ಪ್ಲೇಯರ್ ಕೊಂಡಿದ್ದೆ. ಅದರ ಜೊತೆ ಬಂದದ್ದು ಒಂದೇ ಪ್ಲೇಟು. ಹೊದಿಕೆಯ ಮೇಲೆ ಒಬ್ಬ ಕಪ್ಪು ಮನುಷ್ಯ ತುತ್ತೂರಿಗೆ ಬಾಯಿ ಕೊಟ್ಟು ನಿಂತಿದ್ದ. ಕೆನ್ನೆ ಉಬ್ಬಿ ಹಣೆಯ ನರ ಎದ್ದಿತ್ತು. ಅಮೆರಿಕದ ಕಪ್ಪು ವಾದ್ಯಗಾರರು ನಾನು ಹುಟ್ಟುವ ಮೊದಲು ನುಡಿಸಿದ್ದು. ಇದನ್ನು ಹಾರ್ಡ್ ಬಾಪ್ ಜಾಝ್ ಅನ್ನುತ್ತಾರೆ, ಈ ಬಗೆಯಲ್ಲಿ ಇದು ಮೇಲ್ಪಂಕ್ತಿಯದು ಎಂದು ಹಿಂದೆ ಇಂಗ್ಲಿಷಿನಲ್ಲಿ ಬರೆದಿತ್ತು. ಎರಡು ಸಲ ಹಾಕಿ ಕೇಳಿದೆ. ಪಾತ್ರೆ ಭಾಂಡಿಯ ಅಂಗಡಿಯಲ್ಲಿ ಹೋರಿ ಹೊಕ್ಕ ಹಾಗೆ ಕೇಳಿಸಿತು. ಆದರೂ ಜಾಣ ಅನ್ನಿಸಿಕೊಳ್ಳಬೇಕಲ್ಲ, ಒಂದು ರವಿವಾರ ಬೆಳಿಗ್ಗೆ ಮೂರನೇ ಸಲ ಹಾಕಿದೆ.

ನನ್ನ ಬಾಡಿಗೆ ಖೋಲಿಗೂ ಗರಡಿಮನೆಗೂ ನಡುವೆ ಒಂದೇ ಗೋಡೆ. ಐದು ನಿಮಿಷಕ್ಕೆ ಯಾರೋ ಬಾಗಿಲು ಒದ್ದರು. ತೆರೆದರೆ ಲಂಗೋಟಿಯ ಮೇಲೆ ಮೈತುಂಬ ಕೆಂಪುಮಣ್ಣು ಮೆತ್ತಿಕೊಂಡ ವಸ್ತಾದರು. ಆರಡಿ ಆಳು. ಇವತ್ತು ನನ್ನ ಮೂಳೆ ಉಳಿಯಲಿಲ್ಲ ಅಂದುಕೊಂಡೆ.

"ಇದು ಯಾವೂರ ಕುಸ್ತಿರೀ ಮಾಸ್ತರ?"

"ಕುಸ್ತಿ ಅಲ್ರಿ ವಸ್ತಾದ್ರ, ಸಂಗೀತ."

"ಸಂಗೀತ ಅಂತ ಯಾವಾಂವ ಹೇಳಿದಾ ನಿಮಗ?" ಎಂದು ಒಳಗೆ ಬಂದು ಹೊದಿಕೆ ಎತ್ತಿ ನೋಡಿದರು. "ಈ ಕುತ್ತಿಗಿ ನೋಡ್ರಿ. ಇದು ಕುಂತು ಉಂಡ ಕುತ್ತಿಗಿ ಅಲ್ಲ. ದುಡದ ಕುತ್ತಿಗಿ."

ಆಮೇಲೆ ಸ್ಪೀಕರಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಡ ಅಂಗೈಯನ್ನು ಅದರ ಮೇಲಿಟ್ಟರು. ಕಿವಿಗೆ ಸಿಗದದ್ದನ್ನು ಅಂಗೈಗೆ ತೆಗೆದುಕೊಳ್ಳುವುದು ಅವರ ರೂಢಿ. ನನಗೆ ಗದ್ದಲವಾಗಿದ್ದದ್ದನ್ನು ಅವರು ಅವತ್ತು ಬಿಡಿಸಿ ಹೇಳಿದರು. ತುತ್ತೂರಿ ಮತ್ತು ಸ್ಯಾಕ್ಸೋಫೋನು ಮೊದಲು ಕೂಡಿ ಒಂದೇ ಮಟ್ಟು ನುಡಿಸುತ್ತವೆ. "ಕೈಗೆ ಮಣ್ಣ ಹಚ್ಚಿ ಸಲಾಮಿ ಮಾಡಿದ್ರು." ಬಳಿಕ ಒಂದು ಸುಮ್ಮನಾಗಿ ಇನ್ನೊಂದು ಒಂಟಿಯಾಗಿ ಏರುತ್ತದೆ. "ಈಗ ಸಣ್ಣ ಪೀಪಿ ಮ್ಯಾಲ ಅದಾನ. ಡೊಂಕ ಪೀಪಿ ಕೆಳಗ ಬಿದ್ದು ದಮ್ಮ ಹಿಡದಾನ. ನೋಡ್ರಿ, ನೋಡ್ರಿ, ಅವನ ಡಾವ ಅವಗ ತಿರುವಿ ಹಾಕಿದಾ!" ಡಾವ ಅಂದರೆ ಪಟ್ಟು. ನಿಜಕ್ಕೂ ಸ್ಯಾಕ್ಸೋಫೋನು ತುತ್ತೂರಿಯ ಕೊನೆಯ ಸ್ವರಗಳನ್ನೇ ಕಸಿದುಕೊಂಡು ಶುರುವಾಗಿತ್ತು. ಮೂರು ಸಲ ಕೇಳಿದ ನನಗೆ ಅದು ಕಂಡಿರಲಿಲ್ಲ, ಅವರ ಅಂಗೈಗೆ ಮೊದಲ ಸಲಕ್ಕೇ ಕಂಡಿತು. ಹಿಂದೆ ಬಿಡದೆ ನಡೆಯುವ ಡ್ರಮ್ಮನ್ನು ಅವರು ಹಲಗಿ ಅಂದರು. ನಮ್ಮ ಕಡೆ ಹಲಗಿ ಇಲ್ಲದೆ ಕುಸ್ತಿ ಇಲ್ಲ. ಪಟ್ಟು ಬಿಗಿಯಾದಷ್ಟೂ ಹಲಗಿಯ ಪೆಟ್ಟು ಜೋರಾಗುತ್ತದೆ.

ಮುಂದಿನ ರವಿವಾರಕ್ಕೆ ನನ್ನ ಯಂತ್ರ ಗರಡಿಮನೆ ಸೇರಿತ್ತು. ಬೆಳಗಿನ ತಾಲೀಮು ಮುಗಿಸಿದ ಹತ್ತು ಹನ್ನೆರಡು ಪೈಲವಾನರು ಮಣ್ಣಿನ ಮೈಯಲ್ಲೇ ಅಖಾಡದ ಅಂಚಿಗೆ ಕೂತು ಆ ಪ್ಲೇಟು ಕೇಳುವುದು ಪದ್ಧತಿಯಾಯಿತು. ನಡುವೆ ಮಾತಾಡುವಂತಿಲ್ಲ. ಒಬ್ಬನ ಫೋನು ಬಡಿದುಕೊಂಡಾಗ ವಸ್ತಾದರು ಅದನ್ನು ಕಸಿದು ಅಖಾಡದ ಮಣ್ಣಲ್ಲಿ ತುಳಿದು ಹೂತರು, ಅವನ ಬೆನ್ನಿಗೆ ಐದು ಬೆರಳು ಮೂಡುವಂತೆ ಒಂದು ಕೊಟ್ಟರು. "ಇಬ್ಬರು ಕುಸ್ತಿ ಹಿಡದಾಗ ನಡುವ ಹಾದು ಹೋಗ್ತಾರೇನಲೇ?"

ಕೇಳಿದರಷ್ಟೇ ಸಾಲದು, ಯಾರು ಗೆದ್ದರು ಅನ್ನುವುದೂ ನಿಕಾಲಿ ಆಗಬೇಕು, ಅಂದರೆ ತೀರ್ಮಾನವಾಗಬೇಕು. ಹೀಗೆ ಗರಡಿಯಲ್ಲಿ ಸಣ್ಣ ಪೀಪಿ ಪಾರ್ಟಿ, ಡೊಂಕ ಪೀಪಿ ಪಾರ್ಟಿ ಎಂದು ಎರಡಾದವು. ಒಂದು ರವಿವಾರ ಮಾತಿಗೆ ಮಾತು ಬೆಳೆದು ಒಬ್ಬ ಇನ್ನೊಬ್ಬನ ತಲೆಗೆ ವ್ಯಾಯಾಮದ ಗದೆ ಬೀಸಿದ. ಎರಡು ಹಲ್ಲು ಬಿದ್ದವು, ಒಬ್ಬನ ಹುಬ್ಬು ಸೀಳಿತು, ರಕ್ತ ಮಣ್ಣಿಗೆ ಇಳಿಯಿತು. ಬಿಡಿಸಲು ಹೋದ ನನಗೂ ಪಾರ್ಟಿ ಕೇಳದೆ ಗುದ್ದು ಬಿತ್ತು. ವಸ್ತಾದರು ಇಬ್ಬರ ಕತ್ತು ಹಿಡಿದು ಒಬ್ಬರಿಗೊಬ್ಬರ ಹಣೆ ಬಡಿದು ಕೂರಿಸಿದರು. "ಕಡೀಕ ಇಬ್ಬರೂ ಕೂಡೇ ನುಡಿಸ್ತಾರಲ್ರೋ ಹುಚ್ಚ ಸೂಳೆಮಕ್ಕಳ್ರ್ಯಾ! ಕೈ ಕುಲುಕಿದ ಮ್ಯಾಲ ಯಾವ ಜಗಳ?" ಅಷ್ಟು ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಆದರೆ ಪ್ಲೇಟಿನ ಎರಡನೇ ಬದಿಯ ಕೊನೆಯ ನುಡಿಕೆಯನ್ನು ನಾವು ತಿಂಗಳುಗಟ್ಟಲೆ ಹಾಕಿರಲಿಲ್ಲ. ಪ್ರತಿ ಸಲ ಆ ಹೊತ್ತಿಗೆ ಕರೆಂಟ್ ಹೋಗುತ್ತಿತ್ತು, ಇಲ್ಲವೆ ನನಗೆ ಸಂತೆಯ ಹೊತ್ತಾಗುತ್ತಿತ್ತು. ಕೊನೆಗೊಂದು ದಿನ ಹಾಕಿದೆ. ಅದರ ನಡುವೆ ಎಲ್ಲ ವಾದ್ಯಗಳೂ ನಿಂತು ಡ್ರಮ್ಮೊಂದೇ ಉಳಿಯುತ್ತದೆ. ಪೆಟ್ಟು ಸಣ್ಣಗೆ ಶುರುವಾಗಿ ಬಿಗಿಯಾಗುತ್ತ ಬಂತು. ಪಕ್ಕದಲ್ಲಿದ್ದ ವಸ್ತಾದರ ಉಸಿರು ಬದಲಾದದ್ದು ಗೊತ್ತಾಯಿತು. ಮರುಗಳಿಗೆ ಅವರ ತೋಳು ನನ್ನ ಹೆಗಲಿಗೆ ಸುತ್ತಿತು. ಬಿಡ್ರಿ, ಬಿಡ್ರಿ ಎಂದು ನಾನು ಚೀರಿದೆ. ಅವರ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ನಾಲ್ಕು ಜನ ಸೇರಿ ಬಿಡಿಸುವಷ್ಟರಲ್ಲಿ ನನ್ನ ಹೆಗಲೆಲುಬು ಟಕ್ಕೆಂದಿತ್ತು.

ಮುರಿದವರೂ ಅವರೇ, ಕೂಡಿಸಿದವರೂ ಅವರೇ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದೆಲ್ಲ ಜನ ಎಲುಬು ಕಟ್ಟಿಸಿಕೊಳ್ಳಲು ಅವರ ಬಳಿ ಬರುತ್ತಿದ್ದರು. ನನ್ನ ಹೆಗಲಿಗೆ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದರು. ಸುತ್ತುತ್ತಲೇ ಆವತ್ತು ತಮ್ಮ ಕೊನೆಯ ಕುಸ್ತಿಯ ಕಥೆ ಹೇಳಿದರು.

ಮೂವತ್ತು ವರ್ಷದ ಹಿಂದೆ ಮುದ್ದೇಬಿಹಾಳದ ಅಖಾಡದಲ್ಲಿ ಅವರ ಎದುರಿಗೆ ಬಿದ್ದವನು ಭೀಮಾ ದಂಡೆಯ ದೇವಣಗಾಂವದ ಈರಣ್ಣ. ವಸ್ತಾದರು ಅವನನ್ನು ಕವುಚಿ ಹಾಕಿ ಬಲಗೈ ಬೆನ್ನಿಗೆ ತಿರುವಿದ್ದರು. ಹಲಗಿ ಏರಿತು. ಜನ ಎದ್ದು ನಿಂತು ಕೂಗಿದರು. ಇವರು ತಿರುವುತ್ತಲೇ ಹೋದರು. ಆ ಕೈ ಮತ್ತೆ ಏಳಲಿಲ್ಲ. ವಸ್ತಾದರು ಅವತ್ತೇ ಕುಸ್ತಿ ಬಿಟ್ಟು ಕಲಿಸಲು ನಿಂತರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಕೈ ಮುರದದ್ದಲ್ರಿ ಮಾಸ್ತರ. ಕುಸ್ತಿಯೊಳಗ ಕೈ ಮುರೀತಾವ. ಅಂವ ಬಿಡೋ ಅಂತ ಒದರಿದ್ನೋ ಇಲ್ಲೋ? ಹಲಗಿಯೊಳಗ ನನಗ ಕೇಳಲಿಲ್ಲ. ಒದರದಿದ್ರ ನಾ ಪೈಲವಾನ. ಒದರಿದ್ರ ನಾ ಕಟುಕ. ಮೂವತ್ತ ವರ್ಷ ಆತು, ನಾ ಯಾಂವ ಅಂಬೂದ ನನಗ ಗೊತ್ತಿಲ್ಲ."

ನನ್ನ ಹೆಗಲಿನ ನೋವು ಆ ಮಾತಿಗೆ ಅರ್ಧ ಇಳಿಯಿತು, ಸುಳ್ಳಲ್ಲ. ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಕರಗಿತು.

ದಬ್ಬೆ ಬಿಚ್ಚಿದ ಮೇಲೆ ಅವರೇ ಆ ನುಡಿಕೆ ಹಾಕಿಸಿದರು. ಈ ಸಲ ತಮ್ಮ ಬಲಗೈಯನ್ನು ಮಲ್ಲಕಂಬಕ್ಕೆ ಹಗ್ಗದಿಂದ ಕಟ್ಟಿಸಿಕೊಂಡರು, ಎಡ ಅಂಗೈ ಪೆಟ್ಟಿಗೆಯ ಮೇಲೆ. ಡ್ರಮ್ಮು ಏರಿದಾಗ ಹಗ್ಗ ಮಾಂಸದೊಳಗೆ ಇಳಿದು ಮುಂಗೈಯಿಂದ ರಕ್ತ ತೊಟ್ಟಿಕ್ಕಿತು. ಮುಗಿದ ಮೇಲೆ ಕೇಳಿದರು, "ಹಲಗಿ ಒಳಗ ಯಾವನೋ ಒದರಾಕತ್ತಾನ. ನನ್ನ ಅಂಗೈಗೆ ಹತ್ತಿತು. ಖರೇ ಏನು?"

ಮತ್ತೆ ಹಾಕಿ ಕಿವಿಗೊಟ್ಟೆ. ಹೌದು, ಪೆಟ್ಟುಗಳ ಅಡಿಯಲ್ಲಿ ಒಬ್ಬ ಗಂಡಸು ನರಳುವಂಥ ಸಣ್ಣ ದನಿ. ಅದು ಬಾರಿಸುವವನದೇ, ಹುರುಪಿನಲ್ಲಿ ತಾನೇ ಹೂಂಕರಿಸುತ್ತಾನೆ ಎಂದು ನಾನು ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ನೀವು ಹೊಡದವರೂ ಅಲ್ಲ, ಹೊಡಿಸಿಕೊಂಡವರೂ ಅಲ್ಲ. ಈರಣ್ಣ ಕೇಳಿ ಹೇಳಬೇಕು."

ದೇವಣಗಾಂವಕ್ಕೆ ನಾನೇ ಬಸ್ಸು ಹತ್ತಿದೆ. ಈರಣ್ಣ ಎಡಗೈಯಿಂದ ದನಕ್ಕೆ ಮೇವು ಹಾಕುತ್ತಿದ್ದರು. ಬಲಗೈ ಅಂಗಿಯ ತೋಳಿನೊಳಗೆ ಒಣಗಿ ತೂಗುತ್ತಿತ್ತು. ನಾನು ಬಂದ ಕಾರಣ ಹೇಳುತ್ತಿದ್ದಂತೆ ಕುಡುಗೋಲು ಎತ್ತಿ ನನ್ನ ಕಾಲ ಬಳಿಯ ನೆಲಕ್ಕೆ ಕಚಕ್ಕನೆ ನೆಟ್ಟರು. "ಆ ಮಗಗ ಹೇಳ್ರಿ, ಅವನ ಹೆಣಕ್ಕ ಮಣ್ಣ ಹಾಕಾಕ ಬರ್ತೇನಿ ಅಂತ." ನಾನು ಬಂದ ಬಸ್ಸಿಗೇ ಮರಳಿದೆ.

ಆದರೆ ಎರಡನೇ ರವಿವಾರ ಈರಣ್ಣ ತಾವೇ ಗರಡಿಗೆ ಬಂದರು. ಅಖಾಡದ ಆಚೆ ದಂಡೆಯಲ್ಲಿ ಕೂತು, "ಪ್ಲೇಟ ಹಾಕ್ರಿ" ಅಂದರು, ಅಷ್ಟೇ. ಇಬ್ಬರ ನಡುವೆ ಕೆಂಪುಮಣ್ಣು. ವಸ್ತಾದರು ಈ ಸಲ ಕೈ ಕಟ್ಟಿಸಿಕೊಳ್ಳಲಿಲ್ಲ, ತೊಡೆಯ ಕೆಳಗೆ ಒತ್ತಿಕೊಂಡು ಕೂತರು. ಡ್ರಮ್ಮು ಒಂಟಿಯಾಯಿತು, ಏರಿತು, ಆ ದನಿ ಬಂತು, ಹೋಯಿತು. ಕಡೆಗೆ ಎರಡೂ ಪೀಪಿ ಕೂಡಿ ಮುಗಿಸಿದವು.

ಈರಣ್ಣ ಎದ್ದು ಅಖಾಡದ ಮಣ್ಣು ತುಳಿದು ನೇರ ಬಂದು ವಸ್ತಾದರ ಬಲಗಪಾಳಕ್ಕೆ ಎಡಗೈಯಿಂದ ಹೊಡೆದರು. ಅಂಥ ಏಟನ್ನು ನಾನು ನೋಡಿಲ್ಲ. ತುಟಿ ಒಡೆದು ರಕ್ತ ಎದೆಗೆ ಹರಿಯಿತು. ಪೈಲವಾನರು ಮೈಮೇಲೆ ಏರಿ ಬಂದರು. ವಸ್ತಾದರು ಕೈ ಅಡ್ಡ ಮಾಡಿ ಅವರನ್ನು ತಡೆದು, ಇನ್ನೊಂದು ಕೆನ್ನೆಯನ್ನೂ ತಿರುಗಿಸಿ ಕೂತರು. ಈರಣ್ಣನ ಕೈ ಎತ್ತಿದ್ದು ಎತ್ತಿದಂತೇ ನಿಂತಿತು. ಆಮೇಲೆ ವಸ್ತಾದರ ಬಲಗಿವಿಗೆ ಬಾಯಿ ಹಚ್ಚಿ ಎಲ್ಲರಿಗೂ ಕೇಳುವಂತೆ ಕೂಗಿದರು:

"ಅದು ಹೊಡ್ಯಾಂವನ ದನಿ ಐತಲೇ ಸಿದ್ಯಾ. ಹೊಡಿಸಿಕೊಳ್ಳಾಂವನದಲ್ಲ. ಅವತ್ತ ನಾ ಒದರಲಿಲ್ಲ. ದೇವಣಗಾಂವದ ಪೈಲವಾನ ಒದರ್ತಾನೇನಲೇ?"

ವಸ್ತಾದರು ಅಖಾಡದ ಮಣ್ಣಿಗೆ ಮುಖ ಹಚ್ಚಿ ಗೊಳೋ ಎಂದು ಅತ್ತರು. ಅವರ ಹೆಂಡತಿ ಗೌರವ್ವ ಕದದ ಹಿಂದಿನಿಂದ ಬಂದು ಈರಣ್ಣನಿಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟಳು. ಅವರು ಒಂದೇ ಗುಟುಕಿಗೆ ಕುಡಿದು ಬಸ್ಸಿಗೆ ಹೋದರು.

ಅಲ್ಲಿಂದ ನಾಲ್ಕು ತಿಂಗಳು ವಸ್ತಾದರು ಪ್ರತಿ ರವಿವಾರ ಪ್ಲೇಟನ್ನು ಮೊದಲಿನಿಂದ ಕೊನೆಯತನಕ ಕೇಳಿದರು. ಕೊನೆಯ ನುಡಿಕೆಗೆ ಅವರ ಕೈ ಮೊಣಕಾಲ ಮೇಲೆ ತೆಪ್ಪಗೆ ಇರುತ್ತಿತ್ತು. "ಭಾಳ ಚಲೋ ಹೊಡೀತಾನ್ರಿ" ಅನ್ನುತ್ತಿದ್ದರು, ಅಷ್ಟೇ. ಒಂದು ಮುಂಜಾನೆ ಅಖಾಡದ ಮಣ್ಣು ಅಗೆದು ಹದ ಮಾಡುತ್ತಿದ್ದವರು ಸಲಿಕೆಯ ಮೇಲೇ ಕುಸಿದರು. ಎದೆಬಡಿತ ನಿಂತುಹೋಗಿತ್ತು.

ಹೊಲದಲ್ಲಿ ಮಣ್ಣು ಮಾಡುವಾಗ ಈರಣ್ಣ ಮಾತು ತಪ್ಪದೆ ಬಂದರು. ಗರಡಿಯಿಂದ ತಂದ ಕೆಂಪುಮಣ್ಣನ್ನು ಎಡಗೈಯಿಂದ ಮೂರು ಸಲ ಹಾಕಿದರು. ಎಲ್ಲ ಚದುರಿದ ಮೇಲೆ ನನ್ನ ಜೊತೆ ಗರಡಿಮನೆಗೆ ನಡೆದು ಬಂದು ಪೆಟ್ಟಿಗೆಯ ಮುಂದೆ ಕೂತರು. ನಾನು ಪ್ಲೇಟು ತೆಗೆಯುವಾಗ ಹೇಳಿದರು:

"ಒದರಿದ್ದೆರೀ ಮಾಸ್ತರ. ಮೂರು ಸಲ ಒದರಿದ್ದೆ. ಅವ್ವಾ ಅಂತನೂ ಒದರಿದ್ದೆ."

ನಾನು ಪ್ಲೇಟನ್ನು ಯಂತ್ರದ ಮೇಲಿಟ್ಟೆ, ಮುಳ್ಳು ಇಳಿಸಲಿಲ್ಲ.

"ಅವತ್ತ ಅದನ್ನ ಹೇಳಿ ಅವನ ಜೀವಾ ತಿನ್ನಬೇಕಂತನ ಬಂದಿದ್ದೆ. ಕಪಾಳಕ್ಕ ಹೊಡದ್ನೆಲ್ರಿ, ಅಂವ ಇನ್ನೊಂದ ಹೊಡಿ ಅಂತ ಕೆನ್ನಿ ತಿರುವಿದಾ. ಮೂವತ್ತ ವರ್ಷ ಅಂವನೂ ಆ ಪಟ್ಟಿನಾಗ ಸಿಕ್ಕೊಂಡಿದ್ದಾ. ಯಾರಾರ ಒಬ್ಬರು ಬಿಡಬೇಕಲ್ರಿ."

ಎಡ ಅಂಗೈಯನ್ನು ಪೆಟ್ಟಿಗೆಯ ಮೇಲೆ, ವಸ್ತಾದರು ಇಡುತ್ತಿದ್ದ ಜಾಗದಲ್ಲೇ ಇಟ್ಟು, "ಹಾಕ್ರಿ" ಅಂದರು.