ಅರ್ಧ ಇಂಚಿನ ಪಾಠ

ಮೊನ್ನೆ ಕಿಟಕಿಗೆ ಸೊಳ್ಳೆಪರದೆ ಹಾಕಲು ಬಂದವನು ಅಳತೆ ಮುಗಿಸಿ ಟೇಪು ಬಿಟ್ಟ. ಅದು ಸರ್ರನೆ ಡಬ್ಬಿಯೊಳಗೆ ಹೋಗಿ ಟಪ್ಪೆಂದಿತು. ಆ ಸದ್ದಿಗೆ ಗಾರೆ ಕೆಲಸದ ಅಕ್ಕ ನೆನಪಾದಳು...

ಆಗ ನಾವು ಬೇತಮಂಗಲದಲ್ಲಿ ಬಾಡಿಗೆಗಿದ್ದೆವು. ಯಜಮಾನರು ಬೆಳಗಿನ ಬಸ್ಸಿಗೆ ಕೆ.ಜಿ.ಎಫ್.ನ ಕಾರ್ಖಾನೆಗೆ ಹೊರಟರೆ, ಸಂಜೆಯವರೆಗೆ ಕುಕ್ಕರಿನ ಸೀಟಿ ಬಿಟ್ಟು ಮನೆಯಲ್ಲಿ ಇನ್ನೊಂದು ದನಿ ಇರುತ್ತಿರಲಿಲ್ಲ. ಹಿಂದಿನ ಬಯಲಿನಲ್ಲಿ ಹಳ್ಳಿಯ ಹೆಂಗಸರಿಗೆ ಗಾರೆ ಕೆಲಸ ಕಲಿಸುತ್ತಿದ್ದರು. ಕಲಿಯುತ್ತಲೇ ಅವರು ಸಾಲುಮನೆ ಕಟ್ಟಬೇಕು. ಪರೀಕ್ಷೆ ಪಾಸಾದವರಿಗೆ ಅದರಲ್ಲೊಂದು ಮನೆ. ಅವರಲ್ಲೊಬ್ಬಳು ಈ ಅಕ್ಕ. ಇದ್ದದ್ದು ತಗಡಿನ ಗುಡಿಸಲಲ್ಲಿ, ಇಬ್ಬರು ಹೆಣ್ಣುಮಕ್ಕಳ ಜೊತೆ.

ಮಧ್ಯಾಹ್ನ ನೀರಿಗೆಂದು ಬರುತ್ತಿದ್ದವಳು ಒಂದು ದಿನ ಟೇಪು ಮುಂದಿಟ್ಟಳು. “ಅಮ್ಮಯ್ಯಾ, ದೊಡ್ಡ ಗೆರೆ ಗೊತ್ತಾಯ್ತದೆ. ಮಧ್ಯದಾಗೆ ಇರ್ವೆ ಕಾಲಿನಂಗೆ ಅವಲ್ಲ, ಅವೇನು ಅಂತ ಒಸಿ ಏಳ್ಕೊಡಿ.”

ನಾಲ್ಕು ದಿನದ ಪಾಠ. ನಾನು ತಿಂಗಳು ಎಳೆದೆ. ಇಂಚು ಕಲಿಸಿ ನಿಲ್ಲಿಸಿದೆ. ಅರ್ಧ, ಕಾಲು ನಾಳೆಗೆ ಎಂದೆ. ಕಾಫಿ ಮಾಡಿದೆ. ಸಿಮೆಂಟು ಕೂತ ಉಗುರುಗಳು ಲೋಟವನ್ನು ಜೋಪಾನವಾಗಿ ಹಿಡಿಯುವುದನ್ನು ನೋಡುತ್ತಾ ಕೂತಿರುತ್ತಿದ್ದೆ. ಕಲಿತುಬಿಟ್ಟರೆ ಮತ್ತೆ ಬರುವುದಿಲ್ಲವೇನೋ ಎಂಬ ಭಯ...

“ಪಾಠ ಏಳ್ತೀರೋ ಕಾಪಿ ಕುಡಿಸ್ತೀರೋ ಟೀಚರಮ್ಮಾ? ನಮ್ ಮೇಸ್ತ್ರಿ ನನ್ನನ್ನೇ ಗೋಡೆಗಿಟ್ಟು ಪ್ಲಾಸ್ಟರ್ ಮಾಡ್ತಾನೆ!” ಎಂದು ನಗುತ್ತಿದ್ದಳು.

ಆ ನಾಳೆ ಬರುವ ಮೊದಲೇ ಪರೀಕ್ಷೆ ಬಂತು. ಕಿಟಕಿಯ ಜಾಗವನ್ನು ಅರ್ಧ ಇಂಚು ಕಡಿಮೆ ಬಿಟ್ಟು ಗೋಡೆ ಎಬ್ಬಿಸಿದ್ದಳು, ಚೌಕಟ್ಟು ಕೂರಲಿಲ್ಲ. ಕಟ್ಟಿದ್ದನ್ನು ತಾನೇ ಒಡೆದಳು. ಆ ಸಾಲಿನಲ್ಲಿ ಆಕೆಗೆ ಮನೆ ಸಿಗಲಿಲ್ಲ.

“ನನ್ ತಲೇಗೇ ಅತ್ತಲಿಲ್ಲ ಬಿಡಿ. ನೀವ್ಯಾಕೆ ಅಳ್ತೀರಾ?” ಎಂದು ನನ್ನನ್ನೇ ಸಮಾಧಾನ ಮಾಡಿದಳು. ಅಂದೇ ಉಳಿದದ್ದನ್ನೆಲ್ಲ ಹೇಳಿಕೊಟ್ಟೆ. ಒಂದು ಗಂಟೆಯೂ ಹಿಡಿಯಲಿಲ್ಲ.

ಮರುವರ್ಷ ಪಾಸಾದಳು, ಮನೆಯೂ ಸಿಕ್ಕಿತು. ಹಾಲುಕ್ಕಿಸಿದ ದಿನ ಇದ್ದೊಂದು ಕುರ್ಚಿಯಲ್ಲಿ ನನ್ನನ್ನು ಕೂರಿಸಿ, “ನಂಗೆ ಅಳತೆ ಕಲ್ಸಿದ್ದು ಇವ್ರೇ” ಎಂದು ಬಂದವರಿಗೆಲ್ಲ ತೋರಿಸಿದಳು. ನಿಜ ಹೇಳಬೇಕೆಂದುಕೊಂಡೆ... ಹೇಳಲಿಲ್ಲ.

ಆಮೇಲೆ ನಾವು ರಾಬರ್ಟ್‌ಸನ್‌ಪೇಟೆಗೆ ಬಂದೆವು. ಅಕ್ಕ ತೀರಿಕೊಂಡಳೆಂದು ಹೋದ ವರ್ಷ ಬಸ್ಸಿನಲ್ಲಿ ಸಿಕ್ಕ ಅವಳ ದೊಡ್ಡ ಮಗಳು ಹೇಳಿದಳು.

ಈಗಲೂ ನನ್ನ ಮಧ್ಯಾಹ್ನಗಳು ಉದ್ದವೇ. ನನಗೊಂದು ಜೊತೆ ಬೇಕಿತ್ತೆಂದು ಆಕೆ ಇನ್ನೊಂದು ಮಳೆಗಾಲವನ್ನು ಮಕ್ಕಳೊಂದಿಗೆ ಆ ತಗಡಿನ ಕೆಳಗೆ ಕಳೆದಳು. ಇದನ್ನು ಕೇಳಿ ನನ್ನನ್ನು ಬೈಯಬೇಕಾದವಳು ಆಕೆಯೊಬ್ಬಳೇ.