ಅಮಾವಾಸ್ಯೆಗೆ ಮುಗಿದ ಚಿತ್ರಗಳು

ಚಿತ್ರ ಶುರುಮಾಡುವುದರಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಮುಗಿಸುವುದು ಮಾತ್ರ ನನ್ನ ಜಾತಕದಲ್ಲೇ ಬರೆದಿರಲಿಲ್ಲ. ಎತ್ತಿನ ಕೋಡು, ಕೊರಳು, ಡುಬ್ಬ ಮೂಡುವಷ್ಟರಲ್ಲಿ ಕಾಲು ಬರೆಯುವ ಹುರುಪು ಇಳಿದುಹೋಗುತ್ತಿತ್ತು. ಅಲ್ಲಿಗೆ ಆ ಹಾಳೆ ಟ್ರಂಕಿನ ತಳ ಸೇರುತ್ತಿತ್ತು. ಜಮಖಂಡಿಯ ಹೈಸ್ಕೂಲಿನಲ್ಲಿ ನಮ್ಮ ಡ್ರಾಯಿಂಗ್ ಮಾಸ್ತರರು ಒಮ್ಮೆ ಆ ಹಾಳೆಗಳನ್ನೆಲ್ಲ ಬೆಂಚಿನ ಮೇಲೆ ಹರವಿ, ಈ ಆರಂಭಶೂರನ ಊರಿನಲ್ಲಿ ಎತ್ತುಗಳಿಗೆ ಕಾಲೇ ಇಲ್ಲ, ರೈತರು ಹೊಲ ಹೇಗೆ ಹೊಡೆಯುತ್ತಾರೋ ಏನೋ ಎಂದು ಇಡೀ ವರ್ಗದ ಮುಂದೆ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವನು. ಅವತ್ತು ರಬಕವಿಯಿಂದ ಅವ್ವ ಬಸ್ಸಿಗೆ ಕೊಟ್ಟು ಕಳಿಸಿದ ಬುತ್ತಿಯನ್ನೂ ಬಿಚ್ಚಲಿಲ್ಲ.

ನಕ್ಕವರಲ್ಲೇ ಇಬ್ಬರು ಸಂಜೆ ನನ್ನ ಬಾಡಿಗೆ ಕೋಣೆಗೆ ಬಂದು ಆ ಬುತ್ತಿ ಬಿಚ್ಚಿ ತಾವೇ ಉಂಡರು. ಒಬ್ಬ ಬನಹಟ್ಟಿಯ ನೂಲಿನ ವ್ಯಾಪಾರಿಯ ಮಗ, ಮಾತಿನ ಮಲ್ಲ. ಇನ್ನೊಬ್ಬ ಹುನ್ನೂರಿನವನು, ಕುರಿ ಸಾಕುವ ಮನೆತನ, ಬೀರೇಶ್ವರನ ಒಕ್ಕಲು, ಕೇಳಿದರೂ ಮಾತಾಡುವವನಲ್ಲ. ಸಂಸ್ಥಾನಗಳು ಹೋಗಿ ನಮ್ಮ ಊರುಗಳೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿದ್ದ ಹೊಸತು. ಮುಂಬಯಿಯಿಂದ ಪ್ರಶ್ನೆಪತ್ರಿಕೆ ಬರುವ ಡ್ರಾಯಿಂಗ್ ಪರೀಕ್ಷೆಗೆ ನಾವು ಮೂವರೂ ಹೆಸರು ಕೊಟ್ಟಿದ್ದೆವು. ಅದರಲ್ಲಿ ಪಾಸಾದರೆ ಎಲ್ಲಾದರೂ ಡ್ರಾಯಿಂಗ್ ಮಾಸ್ತರಿಕೆ ಸಿಕ್ಕೀತೆಂಬ ಆಸೆ. ಅರ್ಧ ಎತ್ತು ಬರೆಯುವವನಿಗೆ ಯಾರು ಮಾಸ್ತರಿಕೆ ಕೊಡುತ್ತಾರೆ?

ಆ ಸಂಜೆ ನಮ್ಮೊಳಗೆ ಒಂದು ಕರಾರಾಯಿತು. ನಮ್ಮದು ನೇಕಾರರ ಮನೆ. ಅಮಾವಾಸ್ಯೆಯ ದಿನ ಮಗ್ಗ ನಿಲ್ಲುತ್ತದೆ. ಉಳಿದ ದಿನಗಳಲ್ಲಿ ಪಡಸಾಲೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಕುಳಿತುಕೊಳ್ಳಲು ಜಾಗವೂ ಇರುವುದಿಲ್ಲ. ಆದ್ದರಿಂದ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಮೂವರೂ ರಬಕವಿಯ ನಮ್ಮ ಮನೆಯಲ್ಲಿ ಸೇರಬೇಕು, ಒಬ್ಬೊಬ್ಬರೂ ಒಂದೊಂದು ಪೂರ್ತಿ ಮುಗಿಸಿದ ಚಿತ್ರ ತರಬೇಕು. ಅರ್ಧಂಬರ್ಧ ತಂದವನಿಗೆ ಅವ್ವ ಮಾಡುವ ಅಮಾವಾಸ್ಯೆಯ ಹೋಳಿಗೆ ಇಲ್ಲ. ಉಳಿದಿಬ್ಬರು ತಪ್ಪು ಹೇಳುವಾಗ ಬರೆದವನು ತುಟಿ ಬಿಚ್ಚುವಂತಿಲ್ಲ. ಇನ್ನೊಂದು ಕರಾರು ಬನಹಟ್ಟಿಯವನದು. ಹೇಳಿದ ತಪ್ಪನ್ನು ಆ ಚಿತ್ರದಲ್ಲಿ ತಿದ್ದಬಾರದು. ಒಮ್ಮೆ ಮುಗಿದದ್ದಕ್ಕೆ ಮತ್ತೆ ಕೈ ಹಚ್ಚಬಾರದು, ತಪ್ಪೇನಿದ್ದರೂ ಮುಂದಿನ ಹಾಳೆಯಲ್ಲಿ ಸರಿಮಾಡಬೇಕು. ಮಗ್ಗದಿಂದ ಕೊಯ್ದು ಇಳಿಸಿದ ಸೀರೆಯನ್ನು ಯಾರೂ ಮತ್ತೆ ಮಗ್ಗಕ್ಕೆ ಏರಿಸುವುದಿಲ್ಲವಲ್ಲ ಎಂದು ಅವನ ವಾದ. ನೇಕಾರರ ಮನೆಯವನು ನಾನು, ಈ ಮಾತಿಗೆ ಇಲ್ಲ ಎನ್ನಲಾಗಲಿಲ್ಲ.

ಮೊದಲ ಅಮಾವಾಸ್ಯೆಗೆ ಹಟ ಹಿಡಿದು ಒಂದು ಎತ್ತಿಗೆ ನಾಲ್ಕೂ ಕಾಲು ಬರೆದೆ. ಬನಹಟ್ಟಿಯವನು ಶಭಾಷ್ ಅಂದ. ಹುನ್ನೂರಿನವನು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಇದರ ಭಾರವೆಲ್ಲ ಮುಂಗಾಲಿನ ಮೇಲಿದೆ, ಹಿಂದಿನ ಕಾಲು ನೆಲಕ್ಕೇ ಹತ್ತಿಲ್ಲ ಅಂದ. ಕುರಿದನಗಳ ನಡುವೆ ಬೆಳೆದವನ ಕಣ್ಣು. ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಆದರೆ ಕರಾರಿನಂತೆ ಬಾಯಿ ಮುಚ್ಚಿಕೊಂಡು ಕೂತೆ. ಮುಂದಿನ ಎತ್ತು ನೆಲದ ಮೇಲೆ ನಿಂತಿತು. ಹೀಗೆ ತಿಂಗಳು ಕಳೆದಂತೆ ಮುಗಿಸುವ ಚಟ ನನಗೂ ಹತ್ತಿತು. ಟ್ರಂಕಿನ ತಳದ ಹಾಳೆಗಳನ್ನು ಅವ್ವ ಒಲೆಗೆ ಹಾಕಿದರೂ ನಾನು ಮಿಸುಕಲಿಲ್ಲ. ಮುಂದೆ ಜೀವನವಿಡೀ ನಾನು ಅನ್ನ ತಿಂದದ್ದು ಇದೇ ಚಟದಿಂದ. ಹೇಳಿದ ದಿನಕ್ಕೆ ಚಿತ್ರ ಕೊಡುತ್ತಾನೆ ಎಂಬ ಹೆಸರು ನನಗೆ ಬಂದದ್ದೂ ಆ ಪಡಸಾಲೆಯಿಂದಲೇ.

ಅವ್ವನ ಚಿತ್ರ ಬರೆಯಬೇಕೆನ್ನುವ ಆಸೆ ಹುಟ್ಟಿದ್ದೂ ಆಗಲೇ. ಅವಳದೊಂದು ಫೋಟೋವೂ ಇರಲಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳು ನಂಬಿದ್ದಳು. ಪೆನ್ಸಿಲಿನಿಂದ ಬರೆದರೆ ಏನೂ ಆಗುವುದಿಲ್ಲ ಎಂದು ನಾನು ಪುಸಲಾಯಿಸಿ ಒಪ್ಪಿಸಿದೆ. ಆದರೆ ಅವಳಿಗೆ ಪುರಸತ್ತು ಎಲ್ಲಿತ್ತು? ಅಪ್ಪ ನೇಯಲು ಮಗ್ಗದ ಕುಣಿಯ ತಗ್ಗಿಗೆ ಇಳಿದನೆಂದರೆ ಅವಳು ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತಲೇ ಇರಬೇಕು. ಕಂಡಿಕಿ ನಿಂತರೆ ಮಗ್ಗ ನಿಂತಿತು. ಅವಳು ಕೂಡುವುದಾದರೆ ಅಮಾವಾಸ್ಯೆಯ ಮುಂಜಾನೆಯೇ ಕೂಡಬೇಕು, ಮಧ್ಯಾಹ್ನ ಗೆಳೆಯರು ಬರುವುದರೊಳಗೆ ನಾನು ಮುಗಿಸಬೇಕು.

ಅವ್ವ ತಲೆ ಎರೆದುಕೊಂಡು, ಮಗ್ಗದ ಪೂಜೆ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಕೂತಳು. ಹಣೆ, ಕಣ್ಣು, ಮೂಗು ಸರಸರನೆ ಬಂದವು. ಸೆರಗಿನ ಮಡಿಕೆಗಳೂ ಬಂದವು. ಬಾಯಿ ಮಾತ್ರ ಹಿಡಿತಕ್ಕೆ ಸಿಗಲಿಲ್ಲ, ಏಕೆಂದರೆ ಅದು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಒಲೆಯ ಮೇಲಿನ ಬೇಳೆಯ ಚಿಂತೆ, ನೆರೆಮನೆಯವಳ ಸೊಸೆಯ ಸುದ್ದಿ, ನಾನು ಸೊರಗಿದ್ದೇನೆಂಬ ದೂರು, ನಡುನಡುವೆ ನಗು. ಹೊತ್ತು ನೆತ್ತಿಗೆ ಬರುತ್ತಿತ್ತು. ಅವ್ವ ಹೋಳಿಗೆಗೆಂದು ಎದ್ದುಹೋದ ಮೇಲೆ ನಾನು ತುಟಿಗಳನ್ನು ರೂಢಿಯ ಮೇಲೆ ಬರೆದುಬಿಟ್ಟೆ. ಹೈಸ್ಕೂಲಿನ ಡ್ರಾಯಿಂಗ್ ಕೋಣೆಯಲ್ಲಿ ನೋಡಿ ಬರೆಯಲೆಂದು ಇಟ್ಟ, ಹೆಂಗಸಿನ ತಲೆಯ ಸುಣ್ಣದಂಥ ಬಿಳಿ ಗೊಂಬೆಯೊಂದಿತ್ತು. ಪರೀಕ್ಷೆಗೆಂದು ಅದರ ತುಟಿ ಬರೆದೂ ಬರೆದೂ ನನ್ನ ಕೈಗೆ ಕೂತುಹೋಗಿತ್ತು.

ಬನಹಟ್ಟಿಯವನು ಚಿತ್ರ ನೋಡಿ ಸೆರಗನ್ನು ಹೊಗಳಿದ್ದೇ ಹೊಗಳಿದ್ದು. ಹುನ್ನೂರಿನವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಬಾಯಿ ಅವ್ವಾರದಲ್ಲಲೇ. ಸಾಲ್ಯಾಗಿನ ಸುಣ್ಣದ ಗೊಂಬೀದು."

ಖರೆ ಮಾತು. ಕರಾರು ಮುರಿದು ತುಟಿಯಷ್ಟನ್ನು ಅಳಿಸಲೇ ಎಂದು ಕೇಳಿದೆ. ಬನಹಟ್ಟಿಯವನು ಬಿಲ್ಕುಲ್ ಒಪ್ಪಲಿಲ್ಲ. ಇವತ್ತು ತುಟಿ ಅಳಿಸುತ್ತೀ, ನಾಳೆ ಮೂಗು ಅಳಿಸುತ್ತೀ, ಮತ್ತೆ ನಿನ್ನ ಟ್ರಂಕು ನಿನ್ನ ಕೊರಳಿಗೆ ಅಂದ. ಆ ಮಾತಿಗೆ ನಾನು ಹೆದರಿದೆ. ಎಷ್ಟು ಕಷ್ಟಪಟ್ಟು ಹತ್ತಿಸಿಕೊಂಡ ಚಟ ಅದು ಎಂದು ನನಗೆ ಗೊತ್ತಿತ್ತು. ಹುನ್ನೂರಿನವನೂ ಕಡೆಗೆ, ಹೋಗಲಿ, ಹೊಸ ಹಾಳೆ ತಗೊಂಡು ಅವ್ವನನ್ನು ಮತ್ತೆ ಕೂಡಿಸು, ಈ ಸಲ ಬಾಯಿಂದಲೇ ಶುರುಮಾಡು ಅಂದ. ಮೂವರಿಗೂ ಅದು ನ್ಯಾಯದ ಮಾತೆನ್ನಿಸಿತು.

ಮುಂದಿನ ಅಮಾವಾಸ್ಯೆಯ ಮುಂಜಾನೆ ಅವ್ವ ತಲೆ ಬಾಚಿಕೊಂಡು, ಅದೇ ಸೀರೆ ಉಟ್ಟು ಪಡಸಾಲೆಗೆ ಬಂದಳು. "ಇವತ್ತ ಕುಂಡರ್ಲೇನೋ ತಮ್ಮಾ?"

ಪರೀಕ್ಷೆ ಹತ್ತಿರ ಬಂದಿತ್ತು. ತಾಮ್ರದ ಕೊಡ ಮತ್ತು ಬದನೆಕಾಯಿಯ ಚಿತ್ರ ನನ್ನ ಮುಂದಿತ್ತು. ಇವತ್ತು ಬೇಡ ಅವ್ವಾ, ಮುಂದಿನ ಸಲ ಅಂದೆ. ಅವಳು ಬೇಸರಪಡಲಿಲ್ಲ, ಕೊಡ ತೊಳೆದು ಕೊಡಲೇ ಎಂದು ಕೇಳಿ ಒಳಗೆ ಹೋದಳು. ಅದರ ಮುಂದಿನ ಅಮಾವಾಸ್ಯೆಗೂ ಬಂದು ಕೇಳಿದಳು. ಆಗ ಬೇರೆ ಇನ್ನೇನೋ ಇತ್ತು, ಏನೆಂದು ಈಗ ನೆನಪೂ ಇಲ್ಲ. ಒಂದೊಂದು ಅಮಾವಾಸ್ಯೆಗೂ ಚಿತ್ರ ಮುಗಿಯುತ್ತಿತ್ತು, ಗೆಳೆಯರು ಒಪ್ಪುತ್ತಿದ್ದರು, ನಾನು ಉಬ್ಬುತ್ತಿದ್ದೆ. ಪರೀಕ್ಷೆಯಲ್ಲಿ ಮೂವರೂ ಪಾಸಾದೆವು. ಆ ಮುಗಿದ ಚಿತ್ರಗಳಲ್ಲಿ ಒಂದೂ ಇವತ್ತು ನನ್ನ ಹತ್ತಿರ ಉಳಿದಿಲ್ಲ, ಉಳಿದಿದ್ದರೂ ನನಗೆ ಬೇಕಾಗಿಲ್ಲ. ಅವಳು ತಾನಾಗಿ ಬಂದು ಕೂಡುತ್ತೇನೆ ಅಂದ ಆ ಮುಂಜಾನೆಗಳು ಬೇಕಾಗಿವೆ.

ಆ ಚಳಿಗಾಲದ ಒಂದು ಮುಂಜಾನೆ ಅಪ್ಪನಿಗೆ ಕಂಡಿಕಿ ಬರುವುದು ನಿಂತಿತು. ಕುಣಿಯಲ್ಲಿಂದಲೇ ಎರಡು ಸಲ ಕೂಗಿ, ಸಿಟ್ಟಿನಿಂದ ಎದ್ದು ಹೋಗಿ ನೋಡಿದರೆ ಅವ್ವ ರಾಟಿಯ ಮೇಲೆ ವಾಲಿ ಕೂತಿದ್ದಳು. ಲಕ್ವಾ ಹೊಡೆದಿತ್ತು. ಬಲಗೈ ಬಿದ್ದುಹೋಗಿತ್ತು, ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಮುಧೋಳದ ಕಡೆ ಒಬ್ಬರು ಲಕ್ವಾಕ್ಕೆ ಔಷಧ ಕೊಡುತ್ತಾರೆಂದು ಕೇಳಿ ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೋದೆವು. ಬೀಳಗಿಯ ಸೋದರಮಾವ ಬಂದು ಎಣ್ಣೆ ತಿಕ್ಕುವವರನ್ನು ಗೊತ್ತುಮಾಡಿಕೊಟ್ಟ. ದೇವರು ದೊಡ್ಡವನು, ಕೈ ತಿರುಗಿ ಬಂತು; ಯುಗಾದಿಯ ಹೊತ್ತಿಗೆ ಅವ್ವ ಮತ್ತೆ ರಾಟಿಯ ಮುಂದೆ ಕೂತಳು. ಬಾಯಿ ಮಾತ್ರ ತಿರುಗಿ ಬರಲಿಲ್ಲ. ಯಾರಾದರೂ ಬಂದರೆ ಸೆರಗಿನಿಂದ ಮೂಗಿನವರೆಗೆ ಮುಚ್ಚಿಕೊಳ್ಳುತ್ತಿದ್ದಳು. ಅಷ್ಟು ಮಾತಾಡುತ್ತಿದ್ದವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡತೊಡಗಿದಳು.

ಅವ್ವ ಸುಧಾರಿಸಿಕೊಂಡ ಮೇಲಿನ ಅಮಾವಾಸ್ಯೆಗೆ ಗೆಳೆಯರಿಬ್ಬರೂ ಬರಿಗೈಯಲ್ಲಿ ಬಂದರು. ಕರಾರು ಹಾಳಾಗಿ ಹೋಗಲಿ, ಅವ್ವನ ಆ ಚಿತ್ರ ಹೊರಗೆ ತೆಗಿ ಎಂದು ಬನಹಟ್ಟಿಯವನೇ ಹೇಳಿದ. ತೆಗೆದೆ. ಸುಣ್ಣದ ಗೊಂಬೆಯ ತುಟಿಗಳನ್ನು ರಬ್ಬರಿನಿಂದ ಅಳಿಸಿದೆ. ಇಬ್ಬರೂ ಆಚೆಈಚೆ ಕೂತು ಹೇಳತೊಡಗಿದರು. ಕೆಳತುಟಿ ಇನ್ನೂ ದಪ್ಪ ಇತ್ತು ಅಂದ ಒಬ್ಬ. ಇಲ್ಲ, ತೆಳ್ಳಗಿತ್ತು, ಎಲೆ ಅಡಿಕೆಯಿಂದ ಕೆಂಪಾಗಿ ಹಾಗೆ ಕಾಣುತ್ತಿತ್ತು ಅಂದ ಇನ್ನೊಬ್ಬ. ನಗುವಾಗ ಬಲಗಡೆ ಗುಳಿ ಬೀಳುತ್ತಿತ್ತೆಂದು ಒಬ್ಬ, ಎರಡೂ ಕಡೆ ಎಂದು ಇನ್ನೊಬ್ಬ. ಅವರು ಹೇಳಿದಂತೆ ಬರೆದೆ, ಅಳಿಸಿದೆ, ನನಗೆ ತೋಚಿದಂತೆ ಬರೆದೆ, ಅದನ್ನೂ ಅಳಿಸಿದೆ. ಆ ಜಾಗದಲ್ಲಿ ಉಜ್ಜಿ ಉಜ್ಜಿ ಹಾಳೆಯ ಎಳೆ ಎದ್ದು ಪೆನ್ಸಿಲ್ ಹಿಡಿಯದಂತಾಯಿತು.

ಅಷ್ಟರಲ್ಲಿ ಅವ್ವ ಚಹಾ ತಂದಳು. ನಾವು ಏನು ಮಾಡುತ್ತಿದ್ದೇವೆಂದು ಅವಳಿಗೆ ಗೊತ್ತಾಗಿತ್ತು. ಕಪ್ಪು-ಬಸಿಗಳನ್ನು ಕೆಳಗಿಟ್ಟು ಹಾಳೆಯನ್ನು ನೋಡುತ್ತ ನಿಂತಳು. ನನಗೆ ತಡೆಯಲಾಗಲಿಲ್ಲ. ನೀನೇ ಹೇಳವ್ವಾ, ನಿನ್ನ ಬಾಯಿ ಮೊದಲು ಹೆಂಗಿತ್ತು ಎಂದು ಕೇಳಿಬಿಟ್ಟೆ.

ಸೆರಗಿನ ಒಳಗಿನಿಂದ ಅವಳ ಮಾತು ತೊದಲುತ್ತ ಬಂತು. "ನನ್ನ ಬಾಯಿ ನಾ ಯಾವಾಗ ನೋಡೇನೋ ತಮ್ಮಾ? ಕನ್ನಡ್ಯಾಗ ಹಣಿ ಅಷ್ಟ ನೋಡ್ತಿದ್ನಿ, ಕುಂಕಮ ಹಚ್ಕೊಳ್ಳಾಕ. ಬಾಯಿ ನೋಡಿದಾವ್ರು ನೀವು. ನೀವ ಹೇಳ್ರಿ."

ಗೆಳೆಯರಾದರೂ ತಿಂಗಳಿಗೊಮ್ಮೆ ನೋಡಿದವರು. ಹುಟ್ಟಿದಾಗಿನಿಂದ ಆ ಬಾಯಿ ನೋಡಿದವನು ನಾನು. ನನಗೇ ಹೇಳಲು ಬರಲಿಲ್ಲ.