ಕಾಗೆ ಓಡಿಸಿದ ಸಿಡಿಗಳು

ನನ್ನ ಅಪ್ಪನ ಸ್ವರ ಕಾಪುವಿನಲ್ಲಿ ಹೊರಟರೆ ಪಡುಬಿದ್ರಿಯಲ್ಲಿ ಕೇಳುತ್ತಿತ್ತು. ಆಟೋದ ತಲೆಗೆ ಎರಡು ಮೈಕ್ ಕಟ್ಟಿಕೊಂಡು ಹೋದರೆ ಯಾರ ಸ್ವರವಾದರೂ ಪಡುಬಿದ್ರಿ ಮುಟ್ಟುತ್ತದೆ ಎಂದು ನನ್ನ ಶತ್ರುಗಳು ಹೇಳಬಹುದು. ಹೇಳಲಿ. ದೀಪಸ್ತಂಭದ ದೀಪ ಕೆಟ್ಟರೆ ಅಪ್ಪನನ್ನು ಮೇಲೆ ಹತ್ತಿಸಿ ಕೂಗಿಸಿದರೆ ಸಾಕು, ದೋಣಿಗಳು ಸ್ವರ ಹಿಡಿದುಕೊಂಡು ದಡಕ್ಕೆ ಬರುತ್ತವೆ ಎಂದು ನಾನು ಕಾಲೇಜಿನಲ್ಲಿ ಹೇಳಿದ್ದೇನೆ, ಇಬ್ಬರು ನಂಬಿದ್ದಾರೆ ಕೂಡ.

ಕಂಬಳ, ನಾಟಕ, ರಕ್ತದಾನ ಶಿಬಿರ, ಕ್ರಿಕೆಟ್ ಪಂದ್ಯಾಟ, ದನಗಳಿಗೆ ಚುಚ್ಚುಮದ್ದು, ಊರಿನಲ್ಲಿ ಏನೇ ಇದ್ದರೂ ಅದನ್ನು ಆಟೋದಲ್ಲಿ ಕೂತು ಸಾರುತ್ತಿದ್ದವರು ಅಪ್ಪ. "ಆತ್ಮೀಯ ಬಂಧುಗಳೇ" ಎಂದು ಅವರು ಶುರುಮಾಡಿದರೆ ಅಂಗಡಿಯ ತಕ್ಕಡಿ ನಿಲ್ಲುತ್ತಿತ್ತು. ದನಗಳು ತಾವಾಗಿಯೇ ಚುಚ್ಚುಮದ್ದಿಗೆ ಸಾಲು ನಿಂತವು ಎಂದು ನಾನು ಹೇಳುವುದಿಲ್ಲ. ಹೇಳಬೇಕೆಂದು ಆಸೆ ಇದೆ, ಅಷ್ಟೇ.

ಸ್ವರ ಒಡೆಯತೊಡಗಿದಾಗ ಅಪ್ಪ ಉಪ್ಪುನೀರು ಮುಕ್ಕಳಿಸಿದರು. ಕೂಗಿ ಕೂಗಿ ಹೀಗಾದದ್ದು ಎಂದು ಕಾಳುಮೆಣಸು ಅಗಿದರು, ಮತ್ತೆ ಹೋಗಿ ಕೂಗಿದರು. ಹಾಗೆ ಎರಡು ಮಳೆಗಾಲ ಕಳೆದ ಮೇಲೆ ಮಣಿಪಾಲದ ಆಸ್ಪತ್ರೆಯಲ್ಲಿ ಗಡ್ಡೆಯ ಜೊತೆ ಸ್ವರಪೆಟ್ಟಿಗೆಯನ್ನೂ ತೆಗೆದರು. ಈಗ ಅಪ್ಪನ ಕುತ್ತಿಗೆಯ ಬುಡದಲ್ಲಿ ಒಂದು ತೂತು ಇದೆ. ಉಸಿರು ಹೋಗಿಬರುವುದು ಅದರಲ್ಲಿ. ಅದರ ಮೇಲೆ ಒಂದು ತೆಳು ಬಟ್ಟೆ ಇಳಿಬಿಟ್ಟಿರುತ್ತಾರೆ. ಅಪ್ಪ ನಕ್ಕರೆ ಸದ್ದಿಲ್ಲ, ಬಟ್ಟೆ ಮಾತ್ರ ಪಟಪಟ ಹಾರುತ್ತದೆ. ನಾನು ಇಡೀ ದಿನ ಜೋಕು ಹೇಳುವುದು ಆ ಬಟ್ಟೆ ಹಾರಿಸಲಿಕ್ಕೆ. ಹೆಚ್ಚಿನ ದಿನ ಹಾರುವುದಿಲ್ಲ.

ಮಾತಿನ ಬದಲು ಅಪ್ಪನಿಗೆ ಫೋನು ಬಂತು. ಅವರು ಟೈಪ್ ಮಾಡುತ್ತಾರೆ, ಒಳಗಿನಿಂದ ಒಬ್ಬ ಹೆಂಗಸು ಓದುತ್ತಾಳೆ. ತೊಂದರೆ ಏನೆಂದರೆ ಆ ಹೆಂಗಸಿಗೆ ತುಳು ಬರುವುದಿಲ್ಲ, ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರೂ ನಾಲಿಗೆ ತಿರುಗುವುದಿಲ್ಲ. ನಮ್ಮ ಮನೆಯಲ್ಲಿ ಜಗಳ, ಮುದ್ದು, ಮೀನಿನ ಮಾತು ಎಲ್ಲ ತುಳುವಿನಲ್ಲಿ. (ನಿಮಗಾಗಿ ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಅದಕ್ಕೆ ಬೇರೆ ಸಂಬಳ ಬೇಡ.) ಹೆಂಗಸಿನ ದೆಸೆಯಿಂದ ಅಪ್ಪ ಹುಟ್ಟಿದ ಲಾಗಾಯ್ತು ಮೊದಲ ಸಲ ತನ್ನ ತಾಯಿಯ ಹತ್ತಿರ ಕನ್ನಡ ಮಾತಾಡಿದರು. "ದಯವಿಟ್ಟು ಸ್ವಲ್ಪ ನೀರು ಕೊಡಿ" ಎಂದಿತು ಫೋನು. ಅಜ್ಜಿ ಬ್ಯಾಂಕಿಗೆ ಹೋದಾಗ ನಿಲ್ಲುವ ಹಾಗೆ ಸೆರಗು ಸರಿಮಾಡಿಕೊಂಡು, "ಆಯ್ತು ಮೇಡಮ್ಮ, ತರ್ತೇನೆ" ಎಂದರು. ನಾನು ಬಿದ್ದು ಬಿದ್ದು ನಕ್ಕೆ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು.

ಅವತ್ತೇ ನಾನು ಘೋಷಣೆ ಮಾಡಿದ್ದು. "ಅಪ್ಪ, ಈ ಹೆಂಗಸನ್ನು ಮನೆಯಿಂದ ಓಡಿಸುವ. ನಿಮ್ಮ ಸ್ವರವನ್ನೇ ಫೋನಿಗೆ ಹಾಕುವ."

ಅಪ್ಪ ಟೈಪ್ ಮಾಡಿದರು. "ಆಗುತ್ತದೆಯೇ?" ಎಂದಳು ಹೆಂಗಸು.

"ಎಂತ ಆಗದೆ! ಆ್ಯಪ್ ಉಂಟು. ಅರ್ಧ ಗಂಟೆಯಷ್ಟು ನಿಮ್ಮ ಮಾತು ಕೊಟ್ಟರೆ ಸಾಕು, ಅದು ಕಲಿತುಕೊಳ್ತದೆ. ಮತ್ತೆ ನೀವು ಬರೆದದ್ದನ್ನೆಲ್ಲ ನಿಮ್ಮ ಹಾಗೆಯೇ ಹೇಳ್ತದೆ."

ನನ್ನ ಹತ್ತಿರ ಇದ್ದ ವಿಡಿಯೋಗಳಲ್ಲಿ ಅಪ್ಪನ ಒಡೆದ ಸ್ವರ ಮಾತ್ರ ಇತ್ತು. ಒಳ್ಳೆಯ ಸ್ವರ ಇದ್ದದ್ದು ಸಿಡಿಗಳಲ್ಲಿ. ದಿನವಿಡೀ ಕೂಗುವುದು ಬೇಡ ಎಂದು ಕೆಲವು ಸಮಿತಿಯವರು ಅಪ್ಪನ ಮಾತನ್ನು ಸಿಡಿಗೆ ಬರೆಸಿ ಆಟೋದಲ್ಲಿ ಹಾಕುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅಪ್ಪ ಅವನ್ನು ಕಪಾಟಿನ ಮೇಲೆ ಪೇರಿಸಿಡುತ್ತಿದ್ದರು. ಅಪ್ಪ ಎದ್ದು ಸ್ಟೂಲು ಎಳೆದು ಹತ್ತಿದರು. ಆಪರೇಷನ್ ಆದ ಮೇಲೆ ಅವರು ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ.

ಕಪಾಟಿನ ಮೇಲೆ ಧೂಳು ಇತ್ತು. ಧೂಳಿನಲ್ಲಿ ಗುಂಡಗಿನ ಗುರುತುಗಳು ಇದ್ದವು. ಸಿಡಿ ಇರಲಿಲ್ಲ.

"ಅಮ್ಮಾ, ಅಪ್ಪನ ಸಿಡಿ ಎಲ್ಲಿ?"

ಅಮ್ಮ ಅಡುಗೆಮನೆಯಿಂದಲೇ, "ನಿನ್ನ ಅಜ್ಜಿಯ ಹತ್ತಿರ ಕೇಳು" ಎಂದರು. ಆ 'ನಿನ್ನ ಅಜ್ಜಿ' ಎಂಬ ಮಾತಿನಲ್ಲೇ ಉತ್ತರ ಇತ್ತು.

ಅಜ್ಜಿ ಹಿತ್ತಲಿನಲ್ಲಿ ಬಂಗುಡೆ ಒಣಹಾಕುತ್ತಿದ್ದರು. ಚಾಪೆಗಳ ಮೇಲೆ ಮೀನು, ಮೀನಿನ ಮೇಲೆ ಬಲೆ, ಬಲೆಯ ಮೇಲೆ ಹಗ್ಗ, ಹಗ್ಗದಲ್ಲಿ ನೇತಾಡುತ್ತ, ತಿರುಗುತ್ತ, ಬಿಸಿಲಿಗೆ ಏಳು ಬಣ್ಣ ಎರಚುತ್ತ ಅಪ್ಪನ ಸ್ವರ. ಕಾಗೆಗಳಿಗೆ ಹೊಳೆಯುವ ವಸ್ತು ಕಂಡರೆ ಹೆದರಿಕೆ ಎಂದು ಸಮುದ್ರದ ಬದಿಯಲ್ಲಿ ಎಲ್ಲರೂ ಸಿಡಿ ಕಟ್ಟುತ್ತಾರೆ. ನಮ್ಮ ಹಿತ್ತಲಿನ ಕಾಗೆಗಳು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದವು.

"ಅಜ್ಜೀ, ಇದು ಅಪ್ಪನ ಸಿಡಿ!"

"ಹೌದು, ಮತ್ತೆಂತ? ಅವನಿಗೆ ಇನ್ನು ಎಂತಕ್ಕೆ ಅದು?" ಎಂದ ಅಜ್ಜಿ ನನ್ನ ಹಿಂದೆ ನಿಂತಿದ್ದ ಅಪ್ಪನನ್ನು ಆಗ ನೋಡಿದರು. ಕೈಯಲ್ಲಿದ್ದ ಮೀನನ್ನು ಚಾಪೆಗೆ ಹಾಕದೆ ಹಾಗೆಯೇ ಹಿಡಿದುಕೊಂಡಿದ್ದರು.

ಇಲ್ಲಿ ನಾನು ನನ್ನ ವಿದ್ಯೆ ತೋರಿಸಲೇಬೇಕು. ಅಂಗಡಿಯಿಂದ ತರುವ ಹಾಡಿನ ಸಿಡಿ ಬೇರೆ, ಮನೆಯಲ್ಲಿ ಬರೆಸಿದ್ದು ಬೇರೆ. ಅಂಗಡಿಯದ್ದರಲ್ಲಿ ಹಾಡಿನ ಗುರುತನ್ನು ಅಚ್ಚು ಒತ್ತಿರುತ್ತಾರೆ, ಬಿಸಿಲಿಗೆ ಅದು ಸುಲಭಕ್ಕೆ ಹೋಗುವುದಿಲ್ಲ. ಬರೆಸಿದ್ದರಲ್ಲಿ ಮಾತು ನಿಲ್ಲುವುದು ಒಂದು ತೆಳು ಬಣ್ಣದಲ್ಲಿ. ಬಿಸಿಲಿಗೆ ಅದು ಅಂಗಿಯ ಬಣ್ಣದ ಹಾಗೆ ಮಾಸಿಹೋಗುತ್ತದೆ. ಈ ಭಾಷಣವನ್ನು ನಾನು ಹಿತ್ತಲಿನಲ್ಲೇ ಕೊಟ್ಟೆ. ಕೇಳಿದ್ದು ಕಾಗೆಗಳು.

ಎಷ್ಟು ಉಳಿದಿದೆ ಎಂದು ನೋಡಲಿಕ್ಕೆ ಇನ್ನು ಸಿಡಿ ಪ್ಲೇಯರ್ ಬೇಕು. ನನ್ನ ಕಂಪ್ಯೂಟರಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಅಪ್ಪ ಮತ್ತು ನಾನು ಬನ್ನಂಜೆಯ ಒಂದು ಅಂಗಡಿಗೆ ಹೋದೆವು. ಸೇಲ್ಸ್‌ನವನು ನನಗಿಂತ ಎರಡು ವರ್ಷ ದೊಡ್ಡವನಿರಬೇಕು. ಹಳೆಯ ಮರದ ರೇಡಿಯೋದ ಹಾಗೆ ಕಾಣುವ ಒಂದು ಪೆಟ್ಟಿಗೆ ತೋರಿಸಿದ. ಅದರ ತಿರುಗಣೆಗಳಲ್ಲಿ ಅರ್ಧದಷ್ಟು ತಿರುಗುವುದಿಲ್ಲ, ಚಂದಕ್ಕೆ ಅಂಟಿಸಿದ್ದು. ನಾನು ಅಜ್ಜಿಯ ಹಗ್ಗದಿಂದ ಬಿಡಿಸಿ ತಂದ ಸಿಡಿ ಹಾಕಿದೆ. ಪೆಟ್ಟಿಗೆ ಕೆಮ್ಮಿತು, ತಿರುಗಿತು, ಸುಮ್ಮನಾಯಿತು.

"ಇದರಿಂದ ಕಂಪ್ಯೂಟರಿಗೆ ಕಾಪಿ ಮಾಡ್ಲಿಕ್ಕೆ ಆಗ್ತದಾ?" ಎಂದೆ.

"ಇಲ್ಲ, ಕೇಳ್ಲಿಕ್ಕೆ ಮಾತ್ರ. ಯಾರಿಗೆ ಬ್ರೋ?"

"ಅಪ್ಪನಿಗೆ."

ಅವನು ಅಪ್ಪನ ಕಡೆ ತಿರುಗಿ ಉತ್ಸಾಹದಿಂದ, "ಸರ್, ಸಿಡಿ ಎಲ್ಲ ಈಗ ಯಾಕೆ? ಈ ಬ್ಲೂಟೂತ್ ಸ್ಪೀಕರ್ ತೆಗೊಳ್ಳಿ. ಜೊತೆಗೆ ಮೈಕ್ ಫ್ರೀ. ಮನೆಯಲ್ಲಿ ಕೂತು ನೀವೇ ಹಾಡಬಹುದು" ಎಂದು ಮೈಕನ್ನು ಅಪ್ಪನ ಕೈಗೇ ಕೊಟ್ಟ.

ಅಪ್ಪ ಅದನ್ನು ಹಿಡಿದ ರೀತಿ ನೋಡಬೇಕಿತ್ತು. ಕೈಗೆ ಎಲ್ಲ ಗೊತ್ತಿತ್ತು, ಎಷ್ಟು ದೂರ, ಎಷ್ಟು ಓರೆ. ಬಾಯಿಯ ಹತ್ತಿರವೂ ತಂದರು. ಆಮೇಲೆ ಮೇಜಿನ ಮೇಲೆ ಸದ್ದಾಗದ ಹಾಗೆ ಇಟ್ಟು ಹೊರಗೆ ನಡೆದರು. ಬಸ್ಸಿನಲ್ಲಿ ನಾನು ಆ ಪೆಟ್ಟಿಗೆಯ ಕೆಮ್ಮನ್ನು ಮಾಡಿ ತೋರಿಸಿದೆ. ಬಟ್ಟೆ ಅಲುಗಲಿಲ್ಲ.

ಎರಡನೆಯ ಅಭ್ಯರ್ಥಿ ಕಾರ್ಕಳದಲ್ಲಿತ್ತು. ಅತ್ತೆಯ ಗಂಡ, ಅಂದರೆ ನನ್ನ ಮಾವ, ದುಬೈಯಿಂದ ತಂದ ಮೂರು ಸಿಡಿಗಳ ಸ್ಟೀರಿಯೋ. ಅದಕ್ಕೆ ಕ್ರೋಶಾ ಹಾಕಿದ ಬಟ್ಟೆಯ ಹೊದಿಕೆ. ಮಕ್ಕಳನ್ನು ಮುಟ್ಟಲಿಕ್ಕೆ ಬಿಡುತ್ತಾರೆ, ಅದನ್ನು ಬಿಡುವುದಿಲ್ಲ. ಮಾವ ಹೊದಿಕೆ ತೆಗೆದದ್ದು ಗೋಮಟನ ಅಭಿಷೇಕಕ್ಕೆ ಮೊದಲ ಕೊಡ ಎತ್ತಿದ ಗಾಂಭೀರ್ಯದಲ್ಲಿ. ಸಿಡಿಯನ್ನು ಮೂಸಿ ನೋಡಿದರು.

"ಎಂತ ಮಾರಾಯ, ಬಂಗುಡೆ ವಾಸನೆ!"

"ತೊಳೆದಿದ್ದೇನೆ ಮಾವ."

"ಜೀವಮಾನದಲ್ಲಿ ಇದಕ್ಕೆ ಮೀನು ಮುಟ್ಟಿಸಿದವನಲ್ಲ ನಾನು."

ಕಡೆಗೆ ಅಪ್ಪನ ಮುಖ ನೋಡಿ ಹಾಕಿದರು. ಕೆಂಪು, ಹಸಿರು ದೀಪಗಳು ಕುಣಿದವು. ಪರದೆಯ ಮೇಲೆ ಬಂದದ್ದು 'ನೋ ಡಿಸ್ಕ್'. ಇನ್ನೊಂದು ಹಾಕಿದೆವು, ಮತ್ತೊಂದು ಹಾಕಿದೆವು. ಅಷ್ಟು ದೊಡ್ಡ ಯಂತ್ರ ಅಪ್ಪನ ಸ್ವರವನ್ನು ಬಾಯಲ್ಲಿಟ್ಟುಕೊಂಡು, ಏನೂ ಇಲ್ಲ, ಏನೂ ಇಲ್ಲ ಎನ್ನುತ್ತಿತ್ತು. ಮಾವ ತಮಾಷೆ ಬಿಟ್ಟು ಅಪ್ಪನ ಭುಜದ ಮೇಲೆ ಕೈ ಇಟ್ಟರು.

ಕೊನೆಗೆ ಸಿಕ್ಕಿದ್ದು ಮಣಿಪಾಲದಲ್ಲಿ. ಅಪ್ಪನ ತಪಾಸಣೆಗೆ ಹೋದ ದಿನ, ಹಾಸ್ಟೆಲ್ ಖಾಲಿ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬ ಕಂಪ್ಯೂಟರಿಗೆ ಚುಚ್ಚುವ ಸಿಡಿ ಡ್ರೈವ್ ಮಾರುತ್ತಿದ್ದ. ನೀರುದೋಸೆಯಷ್ಟು ತೆಳ್ಳಗಿನದು. ದೀಪ ಇಲ್ಲ, ತಿರುಗಣೆ ಇಲ್ಲ. ಆದರೆ ಅದು ನಿಧಾನಕ್ಕೆ ಓದುತ್ತದೆ, ತಪ್ಪಿದರೆ ಅದೇ ಜಾಗವನ್ನು ಮತ್ತೆ ಮತ್ತೆ ಓದುತ್ತದೆ, ಓದಿದ್ದನ್ನು ನೇರ ಕಂಪ್ಯೂಟರಿಗೆ ಇಳಿಸುತ್ತದೆ. ನಮಗೆ ಬೇಕಾದದ್ದು ಅದೇ.

ಹಗ್ಗದ ಸಿಡಿಗಳನ್ನು ಒಂದೊಂದಾಗಿ ಹಾಕಿದೆ. ಡ್ರೈವ್ ಕಿರ್ರೆಂದು ಹುಡುಕುತ್ತದೆ, ನಿಲ್ಲುತ್ತದೆ, ಸಿಡಿಯನ್ನು ಹೊರಗೆ ನೂಕುತ್ತದೆ. ಮಧ್ಯಾಹ್ನ ಪೂರ್ತಿ ಹೀಗೆ. ಅಪ್ಪ ಪಕ್ಕದಲ್ಲಿ ಕೂತು ಪ್ರತಿಯೊಂದನ್ನೂ ಬನಿಯನ್ನಿನಿಂದ ಒರೆಸಿ ಕೊಡುತ್ತಿದ್ದರು. ಹೊರಗೆ ಬಂದದ್ದನ್ನು ವಾಪಸ್ ತೆಗೆದುಕೊಂಡು ಸಾಲಾಗಿ ಜೋಡಿಸುತ್ತಿದ್ದರು. ನನ್ನ ಹತ್ತಿರ ಇದ್ದ ಜೋಕುಗಳು ಮುಗಿದುಹೋದವು. ಆಗ ಅಜ್ಜಿ ಬಾಗಿಲಿನಲ್ಲಿ ಬಂದು ನಿಂತರು, ಕೈಯಲ್ಲಿ ಒಂದು ಬಿಸ್ಕೆಟ್ ಡಬ್ಬಿ.

"ಗಾಳಿಗೆ ಹಾರಿದರೆ ಬೇರೆ ಕಟ್ಟುವ ಅಂತ ಇಟ್ಟದ್ದು. ಇದು ಆಗ್ತದಾ ನೋಡು ಮಗಾ."

ಡಬ್ಬಿಯ ಸಿಡಿಗಳು ಬಿಸಿಲು ಕಂಡಿರಲಿಲ್ಲ. ಮೊದಲನೆಯದನ್ನು ಹಾಕಿದೆ. ಚೆಂಡೆಯ ಸದ್ದು ಬಂತು, ಇಳಿಯಿತು.

"ಆತ್ಮೀಯ ಬಂಧುಗಳೇ..."

ಅಡುಗೆಮನೆಯಲ್ಲಿ ನಳ್ಳಿ ನೀರಿನ ಸದ್ದು ನಿಂತಿತು. ಸ್ವರ, ಕೊಡ ತುಂಬಿದ ಜೇನಿನ ಹಾಗೆ ತುಂಬಿಕೊಂಡಿತ್ತು. ನಾಟಕಕ್ಕೆ ಸಕುಟುಂಬ ಬನ್ನಿ ಎಂದು ಕರೆಯುತ್ತಿತ್ತು. ಅಪ್ಪನ ತುಟಿಗಳು ಜೊತೆಯಲ್ಲೇ ಆಡುತ್ತಿದ್ದವು, ಒಂದು ಅಕ್ಷರ ತಪ್ಪದೆ.

ಆಮೇಲಿನ ಒಂದು ವಾರ ನಾನು ಅಪ್ಪನ ಸ್ವರದ ಗ್ರಂಥಪಾಲಕ. ಪ್ರತಿ ಸಿಡಿಯನ್ನೂ ಒಂದು ಚೂರೂ ಕುಗ್ಗಿಸದೆ ಇಳಿಸಿದೆ. ಕಂಬಳ, ನಾಟಕ, ರಕ್ತದಾನ ಎಂದು ಬೇರೆ ಬೇರೆ ಫೋಲ್ಡರ್ ಮಾಡಿದೆ. ಚೆಂಡೆ, ನಾಗಸ್ವರ ಇರುವ ಕಡೆ ಕತ್ತರಿಸಿ ಬರೀ ಮಾತು ಉಳಿಸಿದೆ. ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ. ಪೆನ್‌ಡ್ರೈವನ್ನು ಅಮ್ಮ ಕರಿಮಣಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಮಾಸಿದ ಸಿಡಿಗಳನ್ನು ಅಜ್ಜಿ ಕೇಳಲಿಲ್ಲ. ಬಂಗುಡೆಯ ಹತ್ತಿರ ತಾವೇ ಕೋಲು ಹಿಡಿದು ಕೂತರು.

ಆ್ಯಪ್ ಕಲಿತು ಮುಗಿಸಿದ್ದು ಭಾನುವಾರ. ಅಪ್ಪ ಬಹಳ ಹೊತ್ತು ಯೋಚಿಸಿ "ಅಮ್ಮಾ" ಎಂದು ಟೈಪ್ ಮಾಡಿದರು.

"ಅಮ್ಮಾ" ಎಂದಿತು ಫೋನು. ಅಪ್ಪನದೇ ಸ್ವರ.

ಹಿತ್ತಲಿನಲ್ಲಿ ಕೋಲು ಬಿದ್ದ ಸದ್ದು. ಅಜ್ಜಿ ಓಡಿಬಂದರು. ಅವರ ಮೊಣಕಾಲಿಗೆ ಓಡಲಿಕ್ಕೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. "ಬಂತಾ? ಸ್ವರ ಬಂತಾ ಮಗಾ?" ಎನ್ನುತ್ತ ಉಪ್ಪು ಹತ್ತಿದ ಕೈಯನ್ನು ಅಪ್ಪನ ಕುತ್ತಿಗೆಗೆ ಒಯ್ದರು. ಅಪ್ಪ ತೂತಿಗೆ ತಾಗದ ಹಾಗೆ ಆ ಕೈಯನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋನು ತೋರಿಸಿದರು. ಅಜ್ಜಿ ಫೋನನ್ನು ನೋಡಿದರು. "ಹೋ, ಇದರಲ್ಲಾ" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡು ಮೀನಿನ ಹತ್ತಿರ ಹೋದರು.

ಊಟಕ್ಕೆ ಕೂತೆವು. ಅಪ್ಪ ಬರೆದರು. "ಸ್ವಲ್ಪ ಅನ್ನ ಹಾಕು" ಎಂದಿತು ಸ್ವರ. ಎಳೆದು, ಏರಿಸಿ, ಗದ್ದೆಯ ಆಚೆಗೂ ಕೇಳಬೇಕೆಂಬ ಹಾಗೆ, ಅನ್ನಕ್ಕೆ ಸರ್ವರಿಗೂ ಆದರದ ಸ್ವಾಗತ ಎನ್ನುವ ಧಾಟಿಯಲ್ಲಿ. ನಾನು ನಕ್ಕೆ. ಅಪ್ಪನೂ ನಕ್ಕರು, ಬಟ್ಟೆ ಹಾರಿತು. "ಸಾರಿಗೂ ಪ್ರವೇಶ ಉಚಿತವಾ?" ಎಂದೆ. ಇನ್ನೂ ಹಾರಿತು. ನನಗೆ ಗೆದ್ದ ಹಾಗಾಯಿತು.

ಅಮ್ಮ ನಗಲಿಲ್ಲ. ಅನ್ನದ ಕೈಲನ್ನು ಪಾತ್ರೆಯಲ್ಲೇ ಬಿಟ್ಟು, "ನನಗೊಮ್ಮೆ ಬೈಯಿರಿ ನೋಡುವ" ಎಂದರು.

ಅಪ್ಪ ತಲೆ ಎತ್ತಿದರು.

"ಬೈಯಿರಿ. ಮೊದಲು ದಿನಾ ಬೈತಿದ್ದಿರಲ್ಲ, ಸಾರು ತಣಿದದ್ದಕ್ಕೆ. ಹಾಗೆ."

ಅಪ್ಪ ಬರೆದರು, ಕನ್ನಡ ಅಕ್ಷರದಲ್ಲಿ ತುಳು. ನಿನಗೆ ತಲೆ ಸರಿ ಉಂಟಾ, ಇದನ್ನು ಯಾರು ಉಣ್ಣುವುದು ಎಂದು ಅರ್ಥ ಬರುವ ಅವರ ಹಳೆಯ ಮಾತು. ಫೋನು ಅದನ್ನು ಅದೇ ಜೇನಿನ ಸ್ವರದಲ್ಲಿ, ಅದೇ ಏರಿಳಿತದಲ್ಲಿ, ಗಣ್ಯರನ್ನು ವೇದಿಕೆಗೆ ಕರೆದ ಹಾಗೆ ಹೇಳಿತು. ಅಪ್ಪ ಮತ್ತೆ ಬರೆದರು, ಇನ್ನೂ ಕಟುವಾಗಿ. ಮತ್ತೆ ಆಮಂತ್ರಣ. ನಾನು ಆ್ಯಪಿನ ಗುಂಡಿಗಳನ್ನೆಲ್ಲ ಒತ್ತಿದೆ, ವೇಗ ಹೆಚ್ಚಿಸಿದೆ, ಧಾಟಿ ಇಳಿಸಿದೆ. ಅವಸರದ ಆಮಂತ್ರಣವಾಯಿತು. ಬೈಯುವ ಅಪ್ಪನನ್ನು ಯಾವ ಸಮಿತಿಯೂ ಸಿಡಿಗೆ ಬರೆಸಿರಲಿಲ್ಲ.

"ಸಾಕು" ಎಂದರು ಅಮ್ಮ. "ಇದು ಇವರು ಊರಿಗೆ ಹೇಳುವ ಸ್ವರ. ನನ್ನ ಹತ್ತಿರ ಇವರು ಹೀಗೆ ಒಂದು ದಿನವೂ ಮಾತಾಡಿದವರಲ್ಲ."

"ಇನ್ನೂ ಸ್ವಲ್ಪ ಸರಿ ಮಾಡ್ಲಿಕ್ಕೆ ಆಗ್ತದೆ ಅಮ್ಮ" ಎಂದೆ. ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮನೆಯ ಸ್ವರ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಮಾತುಗಳು ನೆನಪಾದವು, ಸ್ವರ ಬರಲಿಲ್ಲ.

ಅಪ್ಪ ನನ್ನ ಕೈಯಿಂದ ಫೋನು ತೆಗೆದುಕೊಂಡರು. ಸೆಟ್ಟಿಂಗ್ ಹುಡುಕಿ, ಎರಡು ಸಲ ತಪ್ಪು ಒತ್ತಿ, ತಾವೇ ಬದಲಾಯಿಸಿದರು. ಆಮೇಲೆ ಬಟ್ಟಲು ನೋಡುತ್ತ ಟೈಪ್ ಮಾಡಿದರು.

"ಮೀನಿಗೆ ಉಪ್ಪು ಹೆಚ್ಚಾಗಿದೆ" ಎಂದಳು ಹೆಂಗಸು, ಬ್ಯಾಂಕಿನ ಕನ್ನಡದಲ್ಲಿ.

"ಹಾಗಾದರೆ ಉಣ್ಣಬೇಡಿ" ಎಂದರು ಅಮ್ಮ ತುಳುವಿನಲ್ಲಿ, ಒಂದು ಕ್ಷಣವೂ ತಡಮಾಡದೆ. "ನಿಮ್ಮ ಅಮ್ಮ ಉಪ್ಪು ಹಾಕಿದ್ದು, ಅವರಿಗೇ ಹೇಳಿ."

ಅಪ್ಪ ಬಟ್ಟಲನ್ನು ಮುಂದೆ ನೂಕಿದರು. ಅಮ್ಮ ವಾಪಸ್ ನೂಕಿದರು. ನಾನು ಬಾಯಿ ಮುಚ್ಚಿ ಉಂಡೆ. ಉಪ್ಪು ನಿಜವಾಗಿ ಹೆಚ್ಚಾಗಿತ್ತು.